ತಣ್ಣೀರು ಸುಟ್ಟ ಶನಿವಾರ

"ಅವ್ವಾ, ಸಾಕ. ನೀರು ಸುಡಾಕತ್ತಾವ."

ಇವರು ಹಾಗೆ ಹೇಳಿದಾಗ ನನ್ನ ಕೈಯಲ್ಲಿದ್ದ ಕೆಟಲಿನೊಳಗೆ ಮಂಜುಗಡ್ಡೆ ಇನ್ನೂ ಕರಗಿರಲಿಲ್ಲ.

ಹೋದ ಅಕ್ಟೋಬರಿನ ಒಂದು ಶನಿವಾರ ಮಧ್ಯಾಹ್ನ. ಟೋಕಿಯೋ ಊರಾಚೆಯ ರಗ್ಬಿ ಮೈದಾನ. ಇವರು ಹುಲ್ಲಿನ ಮೇಲೆ ಅಂಗಾತ ಬಿದ್ದಿದ್ದರು. ಎದುರು ತಂಡದವನ ಮೊಣಕಾಲು ಎಡಗಿವಿಯ ಮೇಲ್ಗಡೆ ಬಡಿದಿತ್ತು. ನಾನು ಕೆಟಲು ಹಿಡಿದು ಓಡಿದೆ. ಕಲಿಸಿಕೊಟ್ಟಿದ್ದಂತೆ ತಲೆಗಿಷ್ಟು, ಕತ್ತಿಗಿಷ್ಟು ಸುರಿದೆ. ಇವರು ಕಣ್ಣು ಬಿಟ್ಟರು. ನನ್ನನ್ನೇ ನೋಡಿದರು. ನೀರು ಸುಡುತ್ತಿದೆ ಎಂದರು. ಆಮೇಲೆ ಮಂಡಿಯೂರಿ ಎದ್ದು ನಿಂತರು. ಸುತ್ತ ಇದ್ದವರೆಲ್ಲ ಚಪ್ಪಾಳೆ ತಟ್ಟಿದರು.

ನಾನು ನಕ್ಕೆ.

ಅವ್ವ ಅಂದರೆ ಇವರ ಅಜ್ಜಿ. ತೀರಿಕೊಂಡು ಹತ್ತು ವರ್ಷದ ಮೇಲಾಯಿತು. ಇವರ ತಂದೆ ಧಾರವಾಡದ ಕಡೆಯವರು, ಡಾಕ್ಟರು. ಅರವತ್ತರ ದಶಕದಲ್ಲೇ ಇಂಗ್ಲೆಂಡಿನ ಉತ್ತರದ ಒಂದು ಸಣ್ಣ ಊರಿಗೆ ಹೋಗಿ ನೆಲೆಸಿದವರು. ತಾಯಿಗೂ ಆಸ್ಪತ್ರೆಯಲ್ಲೇ ಕೆಲಸ. ಮಗು ನೋಡಿಕೊಳ್ಳಲು ಅಂತ ಅಜ್ಜಿಯನ್ನು ಊರಿನಿಂದ ಕರೆಸಿದರು. ಹಾಗಾಗಿ ಇಂಗ್ಲೆಂಡಿನಲ್ಲೇ ಹುಟ್ಟಿದ ಬಸವರಾಜ ಎಂಬ ಈ ಮನುಷ್ಯರ ಬಾಯಲ್ಲಿರುವುದು ಧಾರವಾಡದ ಮುದುಕಿಯ ಕನ್ನಡ. ಮೈಸೂರಿನವಳಾದ ನನಗೆ ಮದುವೆಯಾದ ಹೊಸದರಲ್ಲಿ ಅರ್ಧ ತಿಳಿಯುತ್ತಿರಲಿಲ್ಲ.

ಶಾಲೆಯ ಹುಡುಗನಾಗಿದ್ದಾಗ ಪ್ರತಿ ಶನಿವಾರ ಆಟ ಮುಗಿಸಿ ಕೆಸರು ಮೆತ್ತಿಕೊಂಡು ಬರುತ್ತಿದ್ದರಂತೆ. ಅಜ್ಜಿ ಬಚ್ಚಲಲ್ಲಿ ಕೂರಿಸಿ ಕುದಿಯುವಂಥ ನೀರು ತಲೆಗೆ ಹೊಯ್ಯುತ್ತಿದ್ದರಂತೆ. ಆಗ ಇವರು ಕೂಗುತ್ತಿದ್ದದ್ದು ಇದೇ ಮಾತು. ನಮ್ಮತ್ತೆ ಅದನ್ನು ನೂರು ಸಲ ಹೇಳಿ ನಗಿಸಿದ್ದಾರೆ. ಅದಕ್ಕೇ ಆ ಶನಿವಾರವೂ ತಮಾಷೆ ಅಂದುಕೊಂಡೆ.

ಮನೆಗೆ ಬಂದು ನನ್ನ ನೋಟ್‌ಬುಕ್ಕಿನಲ್ಲಿ ಬರೆದೆ: "ಶನಿವಾರ. ಗೆದ್ದರು. ಇವರಿಗೆ ಕಿವಿಯ ಹತ್ತಿರ ಪೆಟ್ಟು. ನನ್ನನ್ನು ಅವ್ವ ಎಂದರು. ರಾತ್ರಿಗೆ ಅನ್ನ, ಮೂಲಂಗಿ ಹುಳಿ. ಎರಡೇ ತುತ್ತು ತಿಂದರು."

ಈ ನೋಟ್‌ಬುಕ್ಕಿನ ಅಭ್ಯಾಸ ನನ್ನದು ಹಳೆಯದು. ಏನು ಅಡುಗೆ, ಯಾರು ಬಂದರು, ಹಾಲು ಒಡೆಯಿತೇ, ಇಷ್ಟೇ. ನಮಗೆ ಮಕ್ಕಳಿಲ್ಲ. ಬರೆದಿಡಲು ಬೇರೆಯವರ ಬೆಳವಣಿಗೆ ಇಲ್ಲದ ಮನೆಯಲ್ಲಿ ಹುಳಿ ಸಾರುಗಳೇ ದೊಡ್ಡ ವಿಷಯ. ಈ ಪುಸ್ತಕ ಮುಂದೆ ಡಾಕ್ಟರ ಮೇಜಿನ ಮೇಲೆ ಬಿಚ್ಚಿಕೊಳ್ಳುತ್ತದೆ ಅಂತ ನಾನೇನು ಕನಸು ಕಂಡಿದ್ದೆನೇ.

ಇವರ ಆಟದ ಬಗ್ಗೆ ಸ್ವಲ್ಪ ಹೇಳಬೇಕು. ಹೇಳದಿದ್ದರೆ ನಾನು ಯಾಕೆ ಬಾಯಿ ಮುಚ್ಚಿಕೊಂಡಿದ್ದೆ ಎಂಬುದು ತಿಳಿಯುವುದಿಲ್ಲ.

ಇವರು ಆಡಿದ್ದು ಟಿವಿಯಲ್ಲಿ ಬರುವ ರಗ್ಬಿ ಅಲ್ಲ. ಇಂಗ್ಲೆಂಡಿನಲ್ಲಿ ದೊಡ್ಡ ಲೀಗಿನ ಕೆಳಗೆ ಮೆಟ್ಟಿಲು ಮೆಟ್ಟಿಲಾಗಿ ಸಣ್ಣ ಲೀಗುಗಳಿವೆ. ಇವರ ಊರಿನ ಕ್ಲಬ್ಬು ಕೆಳಗಿನಿಂದ ಎಣಿಸಿದರೆ ಬೇಗ ಸಿಗುತ್ತಿತ್ತು. ತಂಡದಲ್ಲಿ ಒಬ್ಬ ಕೊಳಾಯಿ ರಿಪೇರಿಯವನು, ಒಬ್ಬ ಕಸಾಯಿ, ಒಬ್ಬ ಶಾಲಾ ಮೇಷ್ಟ್ರು. ಇವರು ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ ಕಂಪ್ಯೂಟರ್ ಪ್ರೋಗ್ರಾಮರ್. ಮಂಗಳವಾರ, ಗುರುವಾರ ಸಂಜೆ ಪ್ರಾಕ್ಟೀಸು. ಶನಿವಾರ ಪಂದ್ಯ. ಮೈದಾನ ಒಂದು ಕಡೆಗೆ ಇಳಿಜಾರು, ಬೇಲಿಯಾಚೆ ಕುರಿಗಳು. ಸಂಬಳ ಅಂತ ಇಲ್ಲ, ಪಂದ್ಯ ಆದಮೇಲೆ ಒಂದು ಬಿಸಿ ಪೈ, ಅಷ್ಟೇ. ಬಸವರಾಜ ಎಂಬ ಹೆಸರು ಅವರ ನಾಲಿಗೆಗೆ ದಕ್ಕದೆ 'ಬ್ಯಾಜ್' ಆಗಿತ್ತು.

ಇವರ ಜಾಗ ಪ್ರಾಪ್. ಎರಡು ಕಡೆಯ ಎಂಟೆಂಟು ಮಂದಿ ತಲೆ ತಗ್ಗಿಸಿ ಟಗರುಗಳ ಹಾಗೆ ಒಬ್ಬರನ್ನೊಬ್ಬರು ದೂಡುತ್ತಾರಲ್ಲ, ಅದರಲ್ಲಿ ಮುಂದಿನ ಸಾಲಿನ ಕಂಬ. ಚೆಂಡು ಹಿಡಿದು ಓಡುವ ಚೆಂದ ಇವರಿಗೆ ಸಿಗುವುದಿಲ್ಲ. ದೂಡುವುದು, ಬೀಳುವುದು, ಏಳುವುದು. ಕಿವಿಗಳು ಉಜ್ಜಿ ಉಜ್ಜಿ ಬೋಂಡಾದ ಹಾಗೆ ಗಂಟುಕಟ್ಟಿವೆ. ಜೀವಮಾನದಲ್ಲಿ ಒಂದೇ ಒಂದು ಸಲ ಗೆರೆಯಾಚೆ ಚೆಂಡು ಮುಟ್ಟಿಸಿ ಅಂಕ ಗಳಿಸಿದ್ದು. ಅದೂ ಇಡೀ ಗುಂಪು ಕುಸಿದುಬಿದ್ದು, ಚೆಂಡು ಇವರ ಹೊಟ್ಟೆಯಡಿ ಸಿಕ್ಕಿಕೊಂಡಿತ್ತು. "ನಂದೇನಿಲ್ಲ, ಭೂಮಿತಾಯಿ ಕೊಟ್ಟಳು" ಅನ್ನುತ್ತಾರೆ.

ಮದುವೆಯಾಗಿ ಹೋದ ಮೊದಲ ಚಳಿಗಾಲ ನಾನು ಗೆರೆಯ ಪಕ್ಕ ಸೀರೆಯ ಮೇಲೆ ಕೋಟು ಹಾಕಿಕೊಂಡು ನಿಂತು ನಡುಗಿದ್ದೆ. ಎರಡನೆಯ ವರ್ಷದಿಂದ ಕ್ಲಬ್ಬಿನ ಟೀಗೆ ಈರುಳ್ಳಿ ಬಜ್ಜಿ ಮಾಡಿಕೊಂಡು ಹೋಗತೊಡಗಿದೆ. ಸೋತು ಬಂದ ಗಂಡಸರು ತಿನ್ನುವುದನ್ನು ನೋಡಬೇಕು ನೀವು. ಸೋತೇ ಬರುತ್ತಿದ್ದರು. ಇವರಿದ್ದ ಅಷ್ಟೂ ವರ್ಷಗಳಲ್ಲಿ ಆ ಕ್ಲಬ್ಬು ಎರಡು ಸಲ ಕೆಳಗಿನ ಲೀಗಿಗೆ ಇಳಿಯಿತು. ಒಂದು ಸಲವೂ ಮೇಲೆ ಹತ್ತಲಿಲ್ಲ.

ಟೋಕಿಯೋಗೆ ಬಂದದ್ದು, ಎರಡು ಸಾವಿರನೇ ಇಸವಿ ಹುಟ್ಟಿದ ಕೂಡಲೇ ಕಂಪ್ಯೂಟರುಗಳೆಲ್ಲ ಕೆಡುತ್ತವೆ ಎಂಬ ಗಾಬರಿಯಿಂದ. ಶಿನಾಗಾವಾದ ಒಂದು ಕಂಪನಿಯ ಹಳೆಯ ಪ್ರೋಗ್ರಾಮುಗಳನ್ನು ಸರಿಪಡಿಸಲು ಹಳೆಯ ಕಂಪ್ಯೂಟರ್ ಭಾಷೆ ಬಲ್ಲವರು ಬೇಕಿತ್ತು. ಬೆಂಗಳೂರಿನಿಂದ ಹುಡುಗರು ಬಂದರು, ಇಂಗ್ಲೆಂಡಿನಿಂದ ಇವರು. ಆ ಕಂಪನಿಗೆ ಒಂದು ರಗ್ಬಿ ತಂಡವೂ ಇತ್ತು, ಇಲ್ಲಿನ ಕೆಳಗಿನ ದರ್ಜೆಯದ್ದು. ಮೂವತ್ತಾರು ದಾಟಿದ ಇವರ ಕಿವಿಗಳನ್ನು ಲಿಫ್ಟಿನಲ್ಲಿ ನೋಡಿದ ತಂಡದ ಮ್ಯಾನೇಜರ್ ನಿಶಿದಾ-ಸಾನ್, "ಸುಮಿಮಾಸೆನ್, ಕ್ಷಮಿಸಿ, ನೀವು ಪ್ರಾಪ್ ಅಲ್ಲವೇ?" ಎಂದು ಕೇಳಿದರಂತೆ. ಹೆಣ್ಣು ನೋಡಲು ಬಂದವರು ಜಡೆ ನೋಡಿ ಒಪ್ಪಿದ ಹಾಗೆ.

ಆ ತಂಡ ಈ ವರ್ಷ ಮೇಲಿನ ದರ್ಜೆಗೆ ಏರುವ ಲಕ್ಷಣವಿತ್ತು. "ಗಿರಿಜಾ, ಒಂದ ಸಲ ಮ್ಯಾಲೆ ಹೋಗಬೇಕ. ಆಮ್ಯಾಲೆ ಬಿಟ್ಟಬಿಡತೀನಿ" ಎಂದಿದ್ದರು. ನಾನೂ ಅದನ್ನೇ ಹರಕೆಯ ಹಾಗೆ ಹಿಡಿದುಕೊಂಡಿದ್ದೆ.

ಇನ್ನು ಕೆಟಲು.

ಜಪಾನಿನ ರಗ್ಬಿಯಲ್ಲಿ ಒಂದು ರೂಢಿ. ದೊಡ್ಡ ಅಲ್ಯೂಮಿನಿಯಂ ಕೆಟಲಿನಲ್ಲಿ ತಣ್ಣೀರು ತುಂಬಿ ಗೆರೆಯ ಪಕ್ಕ ಇಟ್ಟಿರುತ್ತಾರೆ. ಪೆಟ್ಟು ತಿಂದು ಬಿದ್ದವನ ತಲೆಗೆ ಅದನ್ನು ಸುರಿಯಬೇಕು. ಅವನು ಏಳಬೇಕು. ಜನ ಚಪ್ಪಾಳೆ ತಟ್ಟಬೇಕು. ಆ ನೀರಿಗೆ ಅವರು ಮಂತ್ರದ ನೀರು ಅನ್ನುತ್ತಾರೆ. ನನಗೆ ವಿಚಿತ್ರ ಅನ್ನಿಸಲೇ ಇಲ್ಲ. ತಲೆತಿರುಗಿ ಬಿದ್ದವರ ಮುಖಕ್ಕೆ ನೀರು ಚಿಮುಕಿಸುವುದು ನಮ್ಮಲ್ಲೂ ಇದ್ದದ್ದೇ.

ಭಾಷೆ ಬಾರದೆ, ಮಾತಿಗೆ ಜನವಿಲ್ಲದೆ ಆರು ತಿಂಗಳು ಅಪಾರ್ಟ್‌ಮೆಂಟಿನಲ್ಲಿ ಕೂತಿದ್ದ ನನಗೆ ನಿಶಿದಾ-ಸಾನ್ ಒಂದು ದಿನ ಎರಡೂ ಕೈಯಲ್ಲಿ ಆ ಕೆಟಲು ಕೊಟ್ಟರು. "ಓಕುಸಾನ್, ದಯವಿಟ್ಟು" ಅಂದರು. ಓಕುಸಾನ್ ಅಂದರೆ ಮನೆಯಾಕೆ, ಗೌರವದ ಮಾತು. ನಾನು ಅದನ್ನು ಮನೆಗೆ ತಂದು ನಿಂಬೆ ಸಿಪ್ಪೆಯಲ್ಲಿ ತಿಕ್ಕಿ ಬೆಳಗಿದೆ. ಮುಂದಿನ ಶನಿವಾರ ಆಟಗಾರರ ಹೆಂಡತಿಯರೆಲ್ಲ ಅದರಲ್ಲಿ ಮುಖ ನೋಡಿಕೊಂಡು ನಕ್ಕರು. ಆವತ್ತಿನಿಂದ ಈ ದೇಶದಲ್ಲಿ ನನಗೊಂದು ಜಾಗ ಸಿಕ್ಕಿತು.

ಪೆಟ್ಟು ಬಿದ್ದ ಮೇಲಿನ ಬುಧವಾರ ನಿಶಿದಾ-ಸಾನ್ ತಾವೇ ಬಂದು ಮೈದಾನದ ಹತ್ತಿರದ ಕ್ಲಿನಿಕ್ಕಿಗೆ ಕರೆದೊಯ್ದರು. ತಲೆನೋವು ನಿಂತಿರಲಿಲ್ಲ. ಡಾಕ್ಟರು ಕತ್ತಿನ ಎಕ್ಸ್-ರೇ ತೆಗೆಸಿದರು. ಕಣ್ಣಿಗೆ ಟಾರ್ಚು ಬಿಟ್ಟರು. ಆಮೇಲೆ ಕೇಳಿದರು. ನಿಶಿದಾ-ಸಾನ್ ಇಂಗ್ಲಿಷಿಗೆ ತಿರುಗಿಸಿದರು.

"ಬಿದ್ದಾಗ ಪ್ರಜ್ಞೆ ತಪ್ಪಿತ್ತಾ? ಗೊಂದಲವಾಗಿ ಏನಾದರೂ ಮಾತಾಡಿದರಾ?"

ಇವರು ಇಲ್ಲ ಎಂದರು. ನನ್ನ ಕಡೆ ತಿರುಗಿ ಕನ್ನಡದಲ್ಲಿ, "ಏನೂ ಆಗಿಲ್ಲ. ಹೌದಿಲ್ಲೋ?" ಎಂದರು.

ಆಗ ನಾನು ಹೇಳಬೇಕಿತ್ತು. ಆ ಹೊತ್ತಿಗೆ ನನಗೆ ಅನುಮಾನ ಬಂದಿತ್ತು. ತಮಾಷೆ ಮಾಡುವವರ ಕಣ್ಣು ಹಾಗಿರುವುದಿಲ್ಲ ಅಂತ ನಾಲ್ಕು ದಿನದಿಂದ ಒಳಗೇ ಕೊರೆಯುತ್ತಿತ್ತು. ಆದರೆ ಹೇಳಿದರೆ ಇವರನ್ನು ಆಟದಿಂದ ತೆಗೆಯುತ್ತಾರೆ. ನೀರು ಹಾಕಿ ಎಬ್ಬಿಸಿ ಆಡಿಸಿದ್ದು ತಪ್ಪಾಯಿತು ಅಂತ, ಪಕ್ಕದಲ್ಲೇ ಕೂತು ಭಾಷಾಂತರಿಸುತ್ತಿದ್ದ ನಿಶಿದಾ-ಸಾನ್ ಬಾಯಲ್ಲೇ ಹೇಳಿಸಿದ ಹಾಗಾಗುತ್ತದೆ. ಎಬ್ಬಿಸಿದವಳು ನಾನು.

"ಹೌದು" ಎಂದೆ. "ಏನೂ ಆಗಲಿಲ್ಲ."

ಕತ್ತಿಗೆ ಅಂಟಿಸಲು ಒಂದು ಕಟ್ಟು ನೋವಿನ ಪಟ್ಟಿ ಕೊಟ್ಟು ಕಳಿಸಿದರು. ಅದಾದ ಮೇಲೆ ಇವರು ಇನ್ನೂ ಎರಡು ಪಂದ್ಯ ಆಡಿದರು. ಎರಡಕ್ಕೂ ಕೆಟಲು ತುಂಬಿದ್ದು ನಾನೇ.

ನವೆಂಬರ್ ಹೇಗೆ ಕಳೆಯಿತೆಂದು ನೋಟ್‌ಬುಕ್ಕಿನಲ್ಲಿದೆ. ಬೆಳಿಗ್ಗೆ ತಲೆನೋವು. ಮಧ್ಯಾಹ್ನ ಪರವಾಗಿಲ್ಲ. ಸಂಜೆ ಬಂದು ಶೂ ಬಿಚ್ಚುತ್ತಾ ಹೊಸ್ತಿಲಲ್ಲೇ ನಿದ್ದೆ. ಹಳೆಯ ಮಂಡಿ ನೋವಿಗೆ ವರ್ಷಗಳಿಂದ ಆಸ್ಪಿರಿನ್ ನುಂಗುವ ಅಭ್ಯಾಸವಿತ್ತು, ಈಗ ತಲೆಗೂ ಅದನ್ನೇ ಕೊಟ್ಟೆ. ದೋಸೆಯ ತಟ್ಟೆಯ ಪಕ್ಕ ನೀರಿನ ಲೋಟ, ಎರಡು ಮಾತ್ರೆ. ಚಟ್ನಿ ಬಡಿಸಿದಷ್ಟೇ ಸಲೀಸಾಗಿ.

ಮೊದಲು ಗೊತ್ತಾದದ್ದು ಕಸದಿಂದ.

ಟೋಕಿಯೋದಲ್ಲಿ ಕಸ ಒಂದು ಶಾಸ್ತ್ರ. ಸುಡುವ ಕಸಕ್ಕೆ ಒಂದು ದಿನ, ಸುಡದ ಕಸಕ್ಕೆ ಒಂದು ದಿನ, ಡಬ್ಬಿ ಬಾಟಲಿಗಳಿಗೆ ಇನ್ನೊಂದು. ನಮ್ಮ ಮನೆಯಲ್ಲಿ ಅದು ಇವರ ಖಾತೆ. ಪ್ರೋಗ್ರಾಮರ್ ಬುದ್ಧಿ, ಒಂದು ದಿನ ತಪ್ಪಿದವರಲ್ಲ. ಆ ತಿಂಗಳು ಸುಡುವ ಕಸದ ದಿನ ಗಾಜಿನ ಚೂರು ಇಟ್ಟು ಬಂದರು. ಕೆಳಗಿನ ಮನೆಯ ಒಕಾದಾ-ಸಾನ್, ಎಪ್ಪತ್ತರ ಹೆಂಗಸು, ಚೀಲವನ್ನು ವಾಪಸು ತಂದು ಬಾಗಿಲ ಮುಂದಿಟ್ಟು, ನಗುತ್ತಾ ಬಗ್ಗಿ ನಮಸ್ಕಾರ ಮಾಡಿ ಹೋದರು. ಮುಂದಿನ ವಾರವೂ ತಂದರು, ನಗು ಸ್ವಲ್ಪ ಕಡಿಮೆ. ಮೂರನೆಯ ಸಲ ಚೀಲದಲ್ಲಿ ಕಸವೇ ಇರಲಿಲ್ಲ. ಇವರ ಆಫೀಸಿನ ಟೈ, ಎರಡು ಒಗೆದ ಅಂಗಿ, ನನ್ನ ಜರಡಿ.

ಆ ಸಲ ಒಕಾದಾ-ಸಾನ್ ನಗಲಿಲ್ಲ. ತಮ್ಮ ತಲೆಯ ಮೇಲೆ ಬೆರಳಿಟ್ಟು, ಇವರ ಚಪ್ಪಲಿಯ ಕಡೆ ತೋರಿಸಿ, ಬಲಗಾಲನ್ನು ಎಳೆದು ನಡೆದು ತೋರಿಸಿದರು.

ನಾನು ಒಳಗೆ ಬಂದು ಚಪ್ಪಲಿ ತಿರುಗಿಸಿ ನೋಡಿದೆ. ಬಲಗಾಲಿನ ತುದಿ ಸವೆದುಹೋಗಿತ್ತು. ದಿನಾ ಜೋಡಿಸಿಡುವವಳು ನಾನು. ನೋಡಿರಲಿಲ್ಲ.

ಅದೇ ಹೊತ್ತಿಗೆ ಪದ್ಮಾ ಫೋನ್ ಮಾಡಿದಳು. ಬೆಂಗಳೂರಿನವಳು, ಅವಳ ಗಂಡ ಇವರ ಪಕ್ಕದ ಮೇಜಿನಲ್ಲಿ ಕೆಲಸ ಮಾಡುತ್ತಾನೆ. ನಾಲ್ಕು ಸ್ಟೇಷನ್ ಆಚೆ ಮನೆ.

"ಗಿರಿಜಾ ಅವರೇ, ಕೇಳ್ತೀನಿ ಅಂತ ಬೇಜಾರ್ ಮಾಡ್ಕೋಬೇಡಿ. ಮನೇಲೇನಾದ್ರೂ ಪ್ರಾಬ್ಲಮ್ಮಾ?"

"ಯಾಕಮ್ಮಾ?"

"ಅಲ್ಲಾ, ಬಸವರಾಜ್ ಅವ್ರು ಒಂದೇ ಪ್ರೋಗ್ರಾಮ್‌ನ ಎರಡು ಸಲ ಚೆಕ್ ಮಾಡಿ ಓಕೆ ಅಂತ ಹಾಕಿದಾರಂತೆ, ಇನ್ನೊಂದನ್ನ ಮುಟ್ಟೇ ಇಲ್ವಂತೆ. ನಮ್ಮೋರು ಯಾರಿಗೂ ಹೇಳ್ದೆ ತಾವೇ ಮಾಡಿ ಮುಗಿಸಿದ್ರು. ನಿನ್ನೆ ನಮ್ಮೋರನ್ನೇ ನೀವು ಯಾವ ಟೀಮು ಅಂತ ಕೇಳಿದ್ರಂತೆ ಕಣ್ರೀ. ಒಂದು ವರ್ಷದಿಂದ ಇಬ್ರೂ ಒಟ್ಟಿಗೆ ಊಟ ಮಾಡ್ತಾ ಇದಾರೆ!"

ನಾನು ಬಾಗಿಲ ಬಳಿಯ ಚಪ್ಪಲಿಯ ಕಡೆ ನೋಡಿದೆ.

"ಹಲೋ? ಇದೀರಾ? ನಾಳೆ ಬರ್ತೀನಿ ನಾನು. ದೊಡ್ಡ ಆಸ್ಪತ್ರೆಗೆ ಹೋಗೋಣ. ನೀವು ಸುಮ್ನೆ ಕೂತ್ಕೋಬೇಡಿ."

ಆದರೆ ಇವರು ಹೊರಡಬೇಕಲ್ಲ. ಮಾರನೆಯ ದಿನ ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಬಲಗೈ ಬಾರದೆ ಒದ್ದಾಡುತ್ತಿದ್ದರೂ, "ಶನಿವಾರ ಮ್ಯಾಚ್ ಐತಿ. ಈಗ ದವಾಖಾನಿ ಅಂದ್ರ ಆಡಸೂದಿಲ್ಲ ಅವರು" ಎಂದು ಹಠ.

ಪದ್ಮಾ ಬಾಗಿಲಲ್ಲೇ ಶೂ ಬಿಚ್ಚದೆ ನಿಂತು, "ಸಾರ್, ಟ್ಯಾಕ್ಸಿ ಕೆಳಗಿದೆ. ಡ್ರೈವರ್ ಬಿಳೀ ಗ್ಲೌಸ್ ಹಾಕ್ಕೊಂಡು ಬಾಗಿಲು ತೆಗೆದು ನಿಂತಿದಾನೆ. ನೀವು ಬರ್ಲಿಲ್ಲಾಂದ್ರೆ ಅವ್ನು ಸಂಜೆವರ್ಗೂ ಹಂಗೇ ನಿಂತಿರ್ತಾನೆ, ಪಾಪ" ಎಂದಳು.

ಇವರಿಗೆ ನಗು ಬಂತು. ಬಾಯಿಯ ಬಲಭಾಗ ನಗಲಿಲ್ಲ.

ನಾನು ಗುಂಡಿ ಹಾಕಿಕೊಟ್ಟೆ. ಹೊರಟೆವು. ಯಾಕೋ ನೋಟ್‌ಬುಕ್ಕನ್ನೂ ಚೀಲಕ್ಕೆ ಹಾಕಿಕೊಂಡೆ.

ದೊಡ್ಡ ಆಸ್ಪತ್ರೆಯ ಡಾಕ್ಟರಿಗೆ ಇಂಗ್ಲಿಷ್ ಬರುತ್ತಿತ್ತು, ನಿಧಾನವಾಗಿ. ನಲವತ್ತರ ಆಸುಪಾಸಿನ ಮನುಷ್ಯ. ಕೈ ಮುಂದೆ ಚಾಚಿ ಹಿಡಿಯಿರಿ ಎಂದರು. ಇವರ ಬಲಗೈ ತಾನಾಗಿ ಇಳಿಯಿತು. ಇಂದು ಯಾವ ವಾರ ಎಂದು ಕೇಳಿದರು. ಇವರು ಶನಿವಾರ ಎಂದರು. ಅಂದು ಗುರುವಾರ.

"ಇತ್ತೀಚೆಗೆ ತಲೆಗೆ ಪೆಟ್ಟು ಬಿದ್ದಿತ್ತಾ?"

"ರಗ್ಬಿ. ಸಣ್ಣದು" ಎಂದರು ಇವರು.

"ಆಗ ಗೊಂದಲ?"

"ಇಲ್ಲ."

ಮತ್ತೆ ಅದೇ ಪ್ರಶ್ನೆ. ಮತ್ತೆ ಅದೇ ಉತ್ತರ. ಇವರು ಮತ್ತೆ ನನ್ನ ಕಡೆ ನೋಡಿದರು. ಆ ನೋಟದಲ್ಲಿ ಬೇಡಿಕೆ ಇತ್ತು. ಇಷ್ಟು ವರ್ಷ ಮೇಲೆ ಹತ್ತದ ಮನುಷ್ಯ, ಇನ್ನೊಂದೇ ಮೆಟ್ಟಿಲು ಅಂತ ಕಣ್ಣಲ್ಲೇ ಕೇಳುತ್ತಿದ್ದರು.

"ಇತ್ತು" ಎಂದೆ.

ನೋಟ್‌ಬುಕ್ಕು ತೆಗೆದೆ. ಅಕ್ಟೋಬರಿನ ಆ ಪುಟದಿಂದ ಒಂದೊಂದಾಗಿ ಓದಿದೆ. ನನ್ನನ್ನು ಅಜ್ಜಿ ಎಂದು ತಿಳಿದದ್ದು. ಮಂಜುಗಡ್ಡೆಯ ನೀರು ಸುಡುತ್ತಿದೆ ಎಂದದ್ದು. ಎರಡು ತುತ್ತು. ತಲೆನೋವು, ತಲೆನೋವು, ತಲೆನೋವು. ಮಾತ್ರೆಗಳು. ಜರಡಿ. ನಡುವೆ ಆಡಿದ ಎರಡು ಪಂದ್ಯ. ಮೊದಲ ಕ್ಲಿನಿಕ್ಕಿನಲ್ಲಿ ಸುಳ್ಳು ಹೇಳಿದ್ದನ್ನೂ ಹೇಳಿದೆ. ಅದನ್ನು ಬರೆದಿರಲಿಲ್ಲ. ಬಾಯಲ್ಲಿ ಹೇಳಿದೆ.

ಇವರು ನೆಲ ನೋಡುತ್ತಾ ಕೂತಿದ್ದರು. "ಮುಗೀತಲ್ಲ" ಎಂದರು, ಕನ್ನಡದಲ್ಲಿ.

ಡಾಕ್ಟರು ಇನ್ನೇನೂ ಕೇಳದೆ ಫೋನ್ ಎತ್ತಿದರು. ಹತ್ತು ನಿಮಿಷದಲ್ಲಿ ಸಿಟಿ ಸ್ಕ್ಯಾನ್.

ಕಪ್ಪು ಹಾಳೆಯನ್ನು ಬೆಳಕಿಗೆ ಹಿಡಿದು ತೋರಿಸಿದರು. ಮಿದುಳಿನ ಎಡಗಡೆ, ತಲೆಬುರುಡೆಯ ಒಳಗೆ, ಕಲ್ಲಂಗಡಿಯ ಹೋಳಿನ ಆಕಾರದಲ್ಲಿ ಏನೋ ಕೂತಿತ್ತು. ಮಿದುಳನ್ನು ಆಚೆಗೆ ದೂಡಿತ್ತು. ಕ್ರಾನಿಕ್ ಸಬ್‌ಡ್ಯೂರಲ್ ಹೆಮಟೋಮಾ. ಪೆಟ್ಟಿನಿಂದ ಒಳಗೆ ಸಣ್ಣಗೆ ಒಸರಿದ ರಕ್ತ ವಾರಗಟ್ಟಲೆ ಸೇರುತ್ತಾ ಹೋಗಿದೆ. ಆಸ್ಪಿರಿನ್ ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ, ಅದೂ ಸೇರಿಕೊಂಡಿರಬಹುದು.

"ನಾಳೆಯೇ ತೆಗೆಯಬೇಕು. ತಡವಾದರೆ ಪ್ರಾಣಕ್ಕೆ ಅಪಾಯ."

ನಾನು ಕೇಳಿದೆ. ಕೇಳದೆ ಇರಲಾಗಲಿಲ್ಲ. "ಆವತ್ತೇ ನಿಜ ಹೇಳಿದ್ದರೆ?"

ಅವರು ಮತ್ತೊಮ್ಮೆ ಆ ಹಾಳೆ ನೋಡಿದರು. "ಆಗ ಸ್ಕ್ಯಾನ್ ಮಾಡಿದ್ದರೂ ಏನೂ ಕಾಣದೇ ಇರಬಹುದಿತ್ತು. ಆದರೆ ಆ ಎರಡು ಪಂದ್ಯ ಆಡುತ್ತಿರಲಿಲ್ಲ."

ಸಮಾಧಾನ ಹೇಳಲಿಲ್ಲ, ಬೈಯಲೂ ಇಲ್ಲ. ಅಷ್ಟೇ ಹೇಳಿದರು. ಆ ಉತ್ತರ ನನ್ನ ಜೊತೆಗಿದೆ. ಪಾತ್ರೆ ತೊಳೆಯುವಾಗ ಇರುತ್ತದೆ.

ಆಪರೇಷನ್ನಿನ ದಿನ ತಲೆಯ ಎಡಭಾಗ ಬೋಳಿಸಿದರು. ಪೂರ್ತಿ ಮಂಪರು ಕೊಡುವುದಿಲ್ಲ, ಆ ಜಾಗ ಮಾತ್ರ ಮರಗಟ್ಟಿಸಿ ಬುರುಡೆಯಲ್ಲಿ ಒಂದು ತೂತು ಕೊರೆದು ರಕ್ತವನ್ನು ಹೊರಗೆ ಬಿಡುತ್ತಾರೆ. ಪದ್ಮಾ ಹೊರಗಿನ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದಳು. ಕೊಂಬಿನಿ ಎಂಬ ಮೂಲೆಯಂಗಡಿಯಿಂದ ಬಿಸಿ ಟೀ ಡಬ್ಬಿ ತಂದು ನನ್ನ ಎರಡೂ ಕೈಯಲ್ಲಿಟ್ಟಿದ್ದಳು. ಅದು ಆರಿ ತಣ್ಣಗಾಯಿತು. ತಣ್ಣೀರನ್ನೂ ಆರಿಸಿ ಕುಡಿ ಅನ್ನುತ್ತಿದ್ದಳು ನಮ್ಮಮ್ಮ. ಎಷ್ಟು ಸಲ ಕೇಳಿದ್ದೆ ಆ ಗಾದೆ.

ಒಂದು ಗಂಟೆಯೂ ಆಗಲಿಲ್ಲ. ಹೊರಗೆ ಬಂದ ಡಾಕ್ಟರು ತಲೆ ಬಗ್ಗಿಸಿ ನಮಸ್ಕರಿಸಿ, ಮುಗಿಯಿತು ಎಂದರು. ರಕ್ತ ಎಂಜಿನ್ ಎಣ್ಣೆಯ ಬಣ್ಣಕ್ಕೆ ತಿರುಗಿತ್ತಂತೆ.

ತಲೆಗೆ ಬಟ್ಟೆ, ಅದರಿಂದ ಒಂದು ಸಣ್ಣ ಟ್ಯೂಬು, ಹಾಸಿಗೆಯ ಪಕ್ಕ ಚೀಲ. ಇವರು ಕಣ್ಣು ಬಿಟ್ಟು ನನ್ನನ್ನು ನೋಡಿದರು. ನಾನು ಕಾದೆ. ಯಾರ ಹೆಸರು ಬರುತ್ತದೋ.

"ಗಿರಿಜಾ" ಎಂದರು. "ಡ್ರಿಲ್ ಸಪ್ಪಳ ಕೇಳಿಸ್ತಿತ್ತು. ನಮ್ಮ ಕ್ಲಬ್ಬಿನ ಪ್ಲಂಬರ್ ಬಂದಾನ ಅನ್ಕೊಂಡ್ನಿ."

ಅಳು ಆಗ ಬಂತು. ಅಷ್ಟು ದಿನ ಬಂದಿರಲಿಲ್ಲ.

"ಯಾಕ ಅಳತಿ? ಅಳಬ್ಯಾಡ" ಎಂದರು. ಆಮೇಲೆ ಗೋಡೆಯ ಕಡೆ ತಿರುಗಿದರು. ಮರುದಿನ, ಶನಿವಾರ, ಪಂದ್ಯದ ಹೊತ್ತು ಕಳೆಯುವವರೆಗೆ ನನ್ನ ಜೊತೆ ಹೆಚ್ಚು ಮಾತಾಡಲಿಲ್ಲ. ಸಿಟ್ಟು ನನ್ನ ಮೇಲೋ, ತಲೆಯ ಮೇಲೋ, ನಾನು ಕೇಳಲಿಲ್ಲ.

ಇಲ್ಲಿನ ಆಸ್ಪತ್ರೆಯಲ್ಲಿ ಮಧ್ಯಾಹ್ನ ಮೂರರ ಮೇಲೆ ಮನೆಯವರನ್ನು ಬಿಡುತ್ತಾರೆ. ಮನೆಯಿಂದ ಲೋಟ, ಚಮಚ, ಟವಲು, ಚಪ್ಪಲಿ ಎಲ್ಲ ನಾವೇ ಒಯ್ಯಬೇಕು. ಎರಡು ರೈಲು ಬದಲಿಸಿ ಹೋಗುತ್ತಿದ್ದೆ. ರೈಲಿನಲ್ಲಿ ನಿಂತೇ ನಿದ್ದೆ ಮಾಡುವುದನ್ನು ಜಪಾನೀಯರಿಂದ ಕಲಿತೆ. ಆಸ್ಪತ್ರೆಯ ಊಟ ಅನ್ನದ ಗಂಜಿ, ಅದರ ಮಧ್ಯೆ ಒಂದು ಉಪ್ಪು ಹಾಕಿದ ಹುಳಿ ಹಣ್ಣು. "ಅವ್ವ ಜ್ವರ ಬಂದಾಗ ಇದನ್ನ ಕೊಡತಿದ್ದಳು. ಗಂಜಿ, ಉಪ್ಪಿನಕಾಯಿ" ಎಂದು ಎಡಗೈಯಲ್ಲಿ ತಿನ್ನುತ್ತಿದ್ದರು. ನಾಲ್ಕನೆಯ ದಿನ ಚಮಚ ಬಲಗೈಗೆ ಬಂತು. ನಾನು ನೋಡದವಳ ಹಾಗೆ ಟವಲು ಮಡಚಿದೆ.

ಬಿಡುಗಡೆಯ ಮುಂಚೆ ಡಾಕ್ಟರು ಇಬ್ಬರನ್ನೂ ಕೂರಿಸಿ ಹೇಳಿದರು. ಕೆಲಸಕ್ಕೆ ಹೋಗಬಹುದು, ಒಂದು ತಿಂಗಳಾದ ಮೇಲೆ. ವಿಮಾನ, ಕೆಲವು ತಿಂಗಳಾದ ಮೇಲೆ. ರಗ್ಬಿ, ಇನ್ನು ಇಲ್ಲ.

ಇವರು ಒಂದೇ ಪ್ರಶ್ನೆ ಕೇಳಿದರು. "ಹತ್ತು ನಿಮಿಷ?"

"ಒಂದು ನಿಮಿಷವೂ ಇಲ್ಲ."

ಹೊಸ ವರ್ಷ ಬಂತು. ಪ್ರಪಂಚವೆಲ್ಲ ಹೆದರಿದ್ದ ಕಂಪ್ಯೂಟರುಗಳು ಏನೂ ಮಾಡಲಿಲ್ಲ. ವಿಮಾನ ಬೀಳಲಿಲ್ಲ, ದೀಪ ಆರಲಿಲ್ಲ. ಎರಡು ವರ್ಷ ಅದಕ್ಕಾಗಿಯೇ ದುಡಿದವರು ಜನವರಿ ಒಂದರ ಬೆಳಿಗ್ಗೆ ಉಣ್ಣೆ ಟೋಪಿ ಹಾಕಿಕೊಂಡು ಅವಲಕ್ಕಿ ತಿನ್ನುತ್ತಾ ಮನೆಯಲ್ಲಿ ಕೂತಿದ್ದರು.

ಅದೇ ತಿಂಗಳು ತಂಡ ಕೊನೆಯ ಪಂದ್ಯವನ್ನೂ ಗೆದ್ದು ಮೇಲಿನ ದರ್ಜೆಗೆ ಏರಿತು. ನಾವು ಹೋಗಲಿಲ್ಲ. ನಿಶಿದಾ-ಸಾನ್ ಫೋನ್ ಮಾಡಿ ತಿಳಿಸಿದರು. ಇವರು ರಿಸೀವರ್ ಇಟ್ಟು ನನ್ನ ಕಡೆ ತಿರುಗಿದರು.

"ನೋಡ್ದಿ ಏನ? ನಾ ಇರಲಿಲ್ಲಂದ್ರ ಗೆಲ್ಲತಾರ" ಎಂದರು.

ನಗಬೇಕೋ ಬೇಡವೋ ತಿಳಿಯದೆ ನಿಂತೆ. ಒಂದು ಸಲ ನಕ್ಕು ಪೆಟ್ಟು ತಿಂದವಳು ನಾನು. ಇವರೇ ಮೊದಲು ನಕ್ಕರು. ಈ ಸಲ ಬಾಯಿಯ ಎರಡೂ ಕಡೆ.

ನಿಶಿದಾ-ಸಾನ್ ಒಂದು ಭಾನುವಾರ ಹಣ್ಣಿನ ಬುಟ್ಟಿ ಹಿಡಿದು ಬಂದರು. ನಾನು ಕೆಟಲು ತಂದು ಅವರ ಮುಂದಿಟ್ಟೆ. ಅದನ್ನು ಆವತ್ತೂ ಬೆಳಗಿದ್ದೆ. ಇಂಗ್ಲಿಷಿನಲ್ಲಿ, ಬಿಡಿ ಬಿಡಿಯಾಗಿ, ಎಲ್ಲ ಹೇಳಿದೆ. ಆವತ್ತು ಇವರು ನನ್ನನ್ನು ಗುರುತಿಸಿರಲಿಲ್ಲ. ನಾನು ನೋಡಿದ್ದೆ. ಕ್ಲಿನಿಕ್ಕಿನಲ್ಲಿ ನಿಮ್ಮ ಪಕ್ಕದಲ್ಲೇ ಕೂತು ಸುಳ್ಳು ಹೇಳಿದೆ. ಬಿದ್ದವರನ್ನು ನೀರು ಹಾಕಿ ಎಬ್ಬಿಸಿ ಆಡಿಸಬೇಡಿ. ಇನ್ನು ಈ ಕೆಲಸ ನನ್ನಿಂದಾಗದು.

ಅವರು ಗಾಜಿನ ಮೇಲೆ ಕೈಯಿಟ್ಟ ಹಾಗೆ ಮೆಲ್ಲಗೆ ಕೆಟಲಿನ ಮೇಲೆ ಕೈಯಿಟ್ಟರು.

"ಓಕುಸಾನ್, ನಾನು ಆಟಗಾರನಾಗಿದ್ದಾಗ ನನಗೂ ಹೀಗೇ ಸುರಿದಿದ್ದರು. ಆ ಪಂದ್ಯದ ದ್ವಿತೀಯಾರ್ಧ ನನಗೆ ಇವತ್ತಿಗೂ ನೆನಪಿಲ್ಲ. ಅದನ್ನು ನಾನು ತಮಾಷೆಯ ಕತೆಯಾಗಿ ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ."

ಎದ್ದು ಇವರಿಗೊಮ್ಮೆ, ನನಗೊಮ್ಮೆ ಆಳವಾಗಿ ಬಗ್ಗಿದರು. ಕೆಟಲನ್ನು ಬಟ್ಟೆಯಲ್ಲಿ ಸುತ್ತಿ ಒಯ್ದರು. ಈಗ ಅದರಲ್ಲಿ ಕುಡಿಯಲು ಬಾರ್ಲಿ ಟೀ ಮಾತ್ರ ಇಡುತ್ತಾರೆ ಎಂದು ಪದ್ಮಾಳ ಗಂಡ ಹೇಳಿದ. ನಾನು ಹೋಗಿ ನೋಡಿಲ್ಲ.

ಇದೀಗ ಮಾರ್ಚ್. ತಲೆಯ ಮೇಲೆ ಕೂದಲು ಬಂದಿದೆ, ಗಾಯದ ಜಾಗ ಬಿಟ್ಟು. ಮುಟ್ಟಿದರೆ ಹೆಬ್ಬೆರಳಿನಷ್ಟು ತಗ್ಗು ಸಿಗುತ್ತದೆ. ತಿಂಗಳಿಗೊಮ್ಮೆ ಸ್ಕ್ಯಾನ್. ಮತ್ತೆ ತುಂಬಿಕೊಳ್ಳುವ ಸಾಧ್ಯತೆ ಇಲ್ಲದಿಲ್ಲ ಅಂದಿದ್ದಾರೆ. ಬೆಳಿಗ್ಗೆ ತಲೆ ನೋಯುತ್ತಿದೆಯೇ ಎಂದು ನಾನು ಕೇಳುವುದು, ಇಲ್ಲ ಎಂದು ಇವರು ಹೇಳುವುದು, ಆ ಇಲ್ಲವನ್ನು ನಂಬಬೇಕೋ ಬೇಡವೋ ಎಂದು ನಾನು ನೋಡುವುದು, ಇದೇ ಈಗ ನಮ್ಮ ದಿನದ ಮೊದಲ ಮಾತು. ಹೋದ ವಾರ ಇವರು ಮೊದಲ ಸಲ, "ಇವತ್ತ ಸ್ವಲ್ಪ ನೋಯತೈತಿ" ಎಂದರು. ಹೆದರಿಕೆಯೂ ಆಯಿತು, ಸಮಾಧಾನವೂ ಆಯಿತು. ಸಂಜೆಗೆ ಬರೀ ನೆಗಡಿ ಎಂದು ತಿಳಿಯಿತು.

ಮೊನ್ನೆ ಸುಡದ ಕಸದ ದಿನ. ನಾನು ಒಗ್ಗರಣೆ ಹಾಕುತ್ತಿದ್ದೆ. ಇವರು ಮುಂಬಾಗಿಲ ಹತ್ತಿರ ನೆಲಕ್ಕೆ ಪೇಪರ್ ಹಾಸಿಕೊಂಡು ಕೂತಿದ್ದರು. ಮುಂದೆ ರಗ್ಬಿ ಬೂಟು. ಇಂಗ್ಲೆಂಡಿನಿಂದ ತಂದದ್ದು, ಹಿಮ್ಮಡಿಯ ಹತ್ತಿರ ಎರಡು ಸಲ ಹೊಲಿಸಿದ್ದು. ಅದನ್ನು ಎಸೆಯಿರಿ ಎಂದು ನಾನು ಹೇಳಿರಲಿಲ್ಲ.

ಮೊದಲು ಲೇಸು ಬಿಚ್ಚಿದರು. ಅದು ಬಟ್ಟೆ, ಸುಡುವ ಕಸ, ಬೇರೆ ಚೀಲ. ಬೂಟು ಚರ್ಮ, ಅದು ನಮ್ಮಲ್ಲಿ ಸುಡದ ಕಸ. ಅಡಿಯಲ್ಲಿದ್ದ ಲೋಹದ ಮೊಳೆಗಳನ್ನು ಸಣ್ಣ ಸ್ಪ್ಯಾನರಿನಿಂದ ಒಂದೊಂದಾಗಿ ತಿರುಗಿಸಿ ತೆಗೆದರು. ಬಲಗೈಯಲ್ಲಿ. ಒಂದು ತುಕ್ಕು ಹಿಡಿದು ಬರಲಿಲ್ಲ. ಬಹಳ ಹೊತ್ತು ಅದರ ಜೊತೆ ಗುದ್ದಾಡಿದರು. ಅದರ ಬುಡದಲ್ಲಿ ಒಣಗಿದ ಕೆಸರಿತ್ತು. ಯಾವ ಮೈದಾನದ್ದೋ. ಉಗುರಿನಿಂದ ಕೆರೆದು ಕೈಯಲ್ಲಿ ಹಿಡಿದು ನೋಡಿದರು. ಆಮೇಲೆ ಪೇಪರಿಗೆ ಕೊಡವಿದರು.

ಚೂಪಾದ ವಸ್ತುವನ್ನು ಪೇಪರಿನಲ್ಲಿ ಸುತ್ತಿ ಮೇಲೆ 'ಅಪಾಯ' ಎಂದು ಬರೆಯಬೇಕು, ಕಸ ಒಯ್ಯುವವರ ಕೈಗೆ ತಾಗದಿರಲೆಂದು. ಇವರು ಮೊಳೆಗಳನ್ನು ಸುತ್ತಿ, ಟೇಪು ಹಚ್ಚಿ, ದಪ್ಪ ಪೆನ್ನಿನಿಂದ ಆ ಮೂರು ಜಪಾನಿ ಅಕ್ಷರ ಬರೆದರು. ನವೆಂಬರಿನಲ್ಲಿ ತಮ್ಮ ಹೆಸರಿನ ಸಹಿಯೂ ಸೊಟ್ಟಗಾಗಿದ್ದ ಕೈ. ಅಕ್ಷರಗಳು ನೆಟ್ಟಗೆ ನಿಂತಿದ್ದವು.

"ಸರಿ ಐತೇನ ನೋಡು" ಎಂದು ಎತ್ತಿ ತೋರಿಸಿದರು.

"ಸರಿಯಾಗಿದೆ ರೀ."

ಚೀಲ ಎತ್ತಿಕೊಂಡು ಇಳಿದು ಹೋದರು. ನಾನು ಕಿಟಕಿಯಿಂದ ನೋಡಿದೆ. ಎರಡೂ ಕಾಲು ಸಮನಾಗಿ ಬೀಳುತ್ತಿದ್ದವು. ಕೆಳಗೆ ಒಕಾದಾ-ಸಾನ್ ಪೊರಕೆ ಹಿಡಿದು ನಿಂತಿದ್ದರು. ಚೀಲದೊಳಗೆ ಬಗ್ಗಿ ನೋಡಿದರು. ಬೂಟು ನೋಡಿದರು, ಸುತ್ತಿದ ಪೊಟ್ಟಣ ನೋಡಿದರು. ಪೊರಕೆಯನ್ನು ಗೋಡೆಗೆ ಆನಿಸಿ, ಎರಡೂ ಕೈ ಮುಂದೆ ಜೋಡಿಸಿ, ನಿಧಾನವಾಗಿ ಬಗ್ಗಿದರು. ಇವರೂ ಬಗ್ಗಿದರು.

ಚೀಲ ವಾಪಸು ಬರಲಿಲ್ಲ.